ಮರದಿಂದ ಬಿದ್ದವರ ಹೊಟ್ಟೆಯೊಳಗೆ ನಡೆಯುವುದೇನು, ಹೊರಗೆ ನಾವು ಮಾಡಬೇಕಾದ್ದೇನು

ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾಯಿತೆಂದರೆ ಅಡಿಕೆ ಮರದಿಂದ ಜಾರಿ ಬೀಳುವ ಆತಂಕವೂ ಜೊತೆಗೇ ಬರುತ್ತದೆ. ಬಿದ್ದವರ ಮೈಮೇಲೆ ಗಾಯ ಕಾಣದಿದ್ದರೆ ಎಣ್ಣೆ ತಿಕ್ಕಿ, ಬಿಸಿ ಕಾಫಿ ಕುಡಿಸಿ ಮಲಗಿಸಿಬಿಡಬಾರದು. ಪೆಟ್ಟು ಹೊಟ್ಟೆಗೆ ತಗುಲಿದ್ದರೆ ಆ ಆರೈಕೆಯೇ ಅಪಾಯಕ್ಕೆ ದಾರಿಯಾದೀತು.

ಮೊದಲು, ಬಿದ್ದವರನ್ನು ಎಬ್ಬಿಸಿ ಕೂರಿಸದೆ, ಕತ್ತು ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ನೀರನ್ನಾಗಲಿ ಆಹಾರವನ್ನಾಗಲಿ ಕೊಡಬೇಡಿ. ಹೊಟ್ಟೆಯನ್ನು ಒತ್ತಿ ತಿಕ್ಕಬೇಡಿ.

ಅಷ್ಟರೊಳಗೆ ದೇಹ ತನ್ನ ಕೆಲಸ ಆರಂಭಿಸಿರುತ್ತದೆ. ನಮ್ಮ ಕರುಳು, ಯಕೃತ್ತುಗಳನ್ನು ಆವರಿಸಿರುವ ತೆಳುಪೊರೆಯ ನಡುವೆ ಸ್ವಲ್ಪವೇ ದ್ರವವಿದ್ದು, ಅದರಲ್ಲಿ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ತೇಲುತ್ತಿರುತ್ತವೆ. ರಕ್ತದ ಬಿಳಿಕಣಗಳು ಗಾಯವನ್ನು ತಲುಪಲು ರಕ್ತನಾಳದ ಗೋಡೆ ದಾಟಿ ಬರಬೇಕು. ಹೊಟ್ಟೆಯ ದ್ರವದಲ್ಲಿರುವ ಈ ಮ್ಯಾಕ್ರೊಫೇಜ್ ಕೋಶಗಳಿಗೆ ಆ ಸುತ್ತುದಾರಿಯಿಲ್ಲ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಯ ಯಕೃತ್ತಿಗೆ ಗಾಯವಾದಾಗ ಈ ಕೋಶಗಳು ಹೊಟ್ಟೆಯ ದ್ರವದಿಂದ ನೇರವಾಗಿ ಅಲ್ಲಿಗೆ ಬಂದು ಸೇರಿದ್ದು ಕಂಡಿತು. ಒಡೆದ ಕೋಶಗಳಿಂದ ಸೋರುವ ಎಟಿಪಿ ಎಂಬ ರಾಸಾಯನಿಕವೇ ಅವುಗಳಿಗೆ ಸಿಗುವ ಕರೆ. ಪೊರೆಗೆ ಗಾಯವಾದರೆ ಅವು ನಿಮಿಷಗಳಲ್ಲೇ ಒಂದಕ್ಕೊಂದು ಅಂಟಿಕೊಂಡು, ರಕ್ತದ ಪ್ಲೇಟ್‌ಲೆಟ್‌ಗಳಂತೆ ಗಾಯದ ಬಾಯಿ ಮುಚ್ಚುತ್ತವೆಂಬುದು 2021ರಲ್ಲಿ, ಅದೂ ಇಲಿಗಳಲ್ಲಿಯೇ, ಗೊತ್ತಾಯಿತು. ನನಗೆ ಇದು ಜೀವಶಾಸ್ತ್ರದ ಅತ್ಯಂತ ಸುಂದರ ದೃಶ್ಯಗಳಲ್ಲೊಂದು. ಹೃದಯದ ಸುತ್ತಲಿನ ಚೀಲದಲ್ಲಿಯೂ ಇಂಥ ಕೋಶಗಳಿವೆ.

ಆದರೆ ಇವು ಮುಚ್ಚಬಲ್ಲದ್ದು ಸಣ್ಣ ಗಾಯವನ್ನು ಮಾತ್ರ. ಗುಲ್ಮ (ಹೊಟ್ಟೆಯ ಎಡ ಮೇಲ್ಭಾಗದ ಅಂಗ, ಸ್ಪ್ಲೀನ್) ಸೀಳಿ ರಕ್ತ ಹರಿಯುತ್ತಿದ್ದರೆ ಅದನ್ನು ತಡೆಯುವ ಶಕ್ತಿ ಅವುಗಳಿಗಿಲ್ಲ, ಮತ್ತು ಆರಂಭದಲ್ಲಿ ರೋಗಿ ಆರಾಮವಾಗಿ ಮಾತನಾಡುತ್ತಲೂ ಇರಬಹುದು. ಆದ್ದರಿಂದ ಹೊಟ್ಟೆ ಬಿಗಿಯುವುದು, ಎಡ ಭುಜದ ತುದಿಯಲ್ಲಿ ನೋವು, ತಣ್ಣನೆಯ ಬೆವರು, ವೇಗದ ನಾಡಿ, ತಲೆಸುತ್ತು, ಇವುಗಳಲ್ಲಿ ಯಾವುದೊಂದು ಕಂಡರೂ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು. ಘಾಟಿಯ ತಿರುವು, ಮಳೆ, ಸಿಗ್ನಲ್ ಸಿಗದ ಮೊಬೈಲು ಇವೆಲ್ಲ ಇರುವ ನಮ್ಮ ಕಡೆ ಲಕ್ಷಣ ಪೂರ್ತಿ ತೋರುವವರೆಗೆ ಕಾಯುವುದು ತರವಲ್ಲ.

ಶಸ್ತ್ರಚಿಕಿತ್ಸೆ ಆದರೆ ಇನ್ನೊಂದು ಎಚ್ಚರ ಬೇಕು. ಗಾಯ ಮುಚ್ಚುವ ಇದೇ ಕೋಶಗಳು ಅತಿಯಾಗಿ ಗುಂಪುಗೂಡಿದಾಗ ಕರುಳುಗಳನ್ನು ಪರಸ್ಪರ ಅಂಟಿಸುವ ನಾರು ಬೆಳೆಯಲು ನೆರವಾಗುತ್ತವೆಂದು ಆ 2021ರ ಅಧ್ಯಯನ ತೋರಿಸಿತು. ಇಂಥ ಅಂಟು ವರ್ಷಗಳ ನಂತರವೂ ಕರುಳನ್ನು ಕಟ್ಟಿಹಾಕಬಹುದು. ಹಿಂಡುವಂಥ ನೋವು, ವಾಂತಿ, ಹೊಟ್ಟೆಯುಬ್ಬರ ಬಂದು ಗಾಳಿಯೂ ಹೋಗದಿದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗದೆ ವೈದ್ಯರ ಬಳಿ ಹೋಗಿ, ಹಳೆಯ ಆಪರೇಷನ್ನಿನ ವಿಷಯವನ್ನು ಅವರು ಕೇಳುವ ಮೊದಲೇ ಹೇಳಿ.