ಅರ್ಧ ತುಂಬಿದ ಕ್ಯಾನು

ಹುಬ್ಬಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಕಿಡ್ನಿ ಎಷ್ಟು ಚೆನ್ನಾಗಿ ಹೊರಹಾಕುತ್ತಿದೆ ಎಂದು ನೋಡುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ಟೆಸ್ಟ್ ಈಗ ಕಡಿಮೆಯಾಗಿದೆ. ರಕ್ತದ ಕ್ರಿಯಾಟಿನಿನ್ ನೋಡಿ, ವಯಸ್ಸು ಸೇರಿಸಿ, ಸೂತ್ರದಿಂದಲೇ ಲೆಕ್ಕ ಹಾಕುವವರು ಜಾಸ್ತಿ. ಆದರೂ ಆಗಾಗ ಈ ಟೆಸ್ಟಿಗೆ ಡಾಕ್ಟರ ಚೀಟಿ ಬರುತ್ತದೆ.

ಒಮ್ಮೆ ಅಣ್ಣಿಗೇರಿ ಕಡೆಯ ರೈತರೊಬ್ಬರಿಗೆ ಕ್ಯಾನು ಕೊಟ್ಟು, 24 ಗಂಟೆಯ ಮೂತ್ರ ಹಿಡಿದು ತನ್ನಿ ಎಂದಿದ್ದೆ. ವಯಸ್ಸು ನಲವತ್ತರ ಆಸುಪಾಸು, ತೂಕ 60 ಕೆ.ಜಿ. ತಂದ ಕ್ಯಾನನ್ನು ಚೆನ್ನಾಗಿ ಅಲುಗಾಡಿಸಿ ಅಳತೆ ಜಾಡಿಗೆ ಸುರಿದೆ. ಅಲುಗಾಡಿಸದೆ ಮೇಲಿನದ್ದಷ್ಟೇ ತೆಗೆದರೆ ಲೆಕ್ಕ ಕೆಟ್ಟಂತೆಯೇ. 900 ಮಿ.ಲೀ. ಇತ್ತು. ಚೂರು ತೆಗೆದು, ನೀರು ಬೆರೆಸಿ ತೆಳು ಮಾಡಿ, ಕ್ರಿಯಾಟಿನಿನ್ ಇದ್ದರೆ ಬಣ್ಣ ಬದಲಿಸುವ, ಕ್ಷಾರ ಬೆರೆತ ಪಿಕ್ರೇಟ್ ಎಂಬ ರಾಸಾಯನಿಕ ಹಾಕಿದೆ. ಹಳದಿ ಇದ್ದದ್ದು ಮೆಲ್ಲಗೆ ಕೇಸರಿಗೆ ತಿರುಗಿತು. ಜರ್ಮನಿಯ ವಿಜ್ಞಾನಿ ಯಾಫೆ 1886ರಲ್ಲಿ ಗುರುತಿಸಿದ ಬಣ್ಣ, ನಮಗೆ ಇವತ್ತಿಗೂ ಅದೇ ಗತಿ!

ಕ್ರಿಯಾಟಿನಿನ್ ಮೂತ್ರದಲ್ಲಿ ಡೆಸಿಲೀಟರಿಗೆ (ಅಂದರೆ 100 ಮಿ.ಲೀ.ಗೆ) 65 ಮಿ.ಗ್ರಾಂ, ರಕ್ತದಲ್ಲಿ 1.3. ಲೆಕ್ಕ ಸುಲಭ: 65ನ್ನು 900ರಿಂದ ಗುಣಿಸಿ, ಅದನ್ನು 1.3ರಿಂದ, ಆಮೇಲೆ ದಿನದ 1440 ನಿಮಿಷದಿಂದ ಭಾಗಿಸಬೇಕು. ಬಂದದ್ದು 31. ಅಂದರೆ ಕಿಡ್ನಿ ನಿಮಿಷಕ್ಕೆ 31 ಮಿ.ಲೀ. ಪ್ಲಾಸ್ಮಾದಿಂದ (ರಕ್ತದ ದ್ರವ ಭಾಗದಿಂದ) ಮಾತ್ರ ಕ್ರಿಯಾಟಿನಿನ್ ಪೂರ್ತಿ ತೆಗೆಯುತ್ತಿದೆ. ಆರೋಗ್ಯವಂತರಲ್ಲಿ ಅದು ನೂರರ ಹತ್ತಿರ ಇರುತ್ತದೆ.

ರಿಪೋರ್ಟ್ ಬರೆಯುವ ಮೊದಲು ಕೈ ತಡೆಯಿತು. ಇಡೀ ಕ್ಯಾನಿನಲ್ಲಿ ಕ್ರಿಯಾಟಿನಿನ್ 585 ಮಿ.ಗ್ರಾಂ ಅಷ್ಟೇ. ಈ ವಯಸ್ಸಿನ ಗಂಡಸರಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 20 ಮಿ.ಗ್ರಾಂ ಹೋಗಬೇಕು. ಅದು ಸ್ನಾಯುವಿನಿಂದ ಬರುವಂಥದ್ದು, ಒಂದೇ ದಿನಕ್ಕೆ ಅರ್ಧಕ್ಕೆ ಇಳಿಯುವುದಿಲ್ಲ.

"ಅಣ್ಣಾ, ಎಲ್ಲಾ ಕ್ಯಾನಿನಾಗ ಹಿಡದೀರಿ?" ಅಂದೆ.

"ಮನ್ಯಾಗ ಇದ್ದಾಗ ಹಿಡದೀನ್ರಿ ಸರ. ಕಡ್ಲಿ ರಾಶಿ ನಡದೈತಿ, ಹೊಲಕ್ಕ ಇದನ್ನ ಹೆಂಗ ಹೊತ್ಕೊಂಡು ಹೋಗ್ಲಿ?"

ತಪ್ಪು ನನ್ನದೇ. 'ಹಿಡಿದು ತನ್ನಿ' ಎಂದಿದ್ದೆ, ಹೇಗೆ ಎಂದು ಹೇಳಿರಲಿಲ್ಲ. ಬೆಳಗಿನ ಮೊದಲನೆಯದನ್ನು ಬಿಡಬೇಕು, ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಅದೇ ಹೊತ್ತಿನದೂ ಸೇರಿ.

ರಾಶಿ ಮುಗಿಸಿ ಬಂದು ಮತ್ತೆ ಕೊಟ್ಟರು. 1700 ಮಿ.ಲೀ., ಡೆಸಿಲೀಟರಿಗೆ 70. ರಕ್ತ ಅದೇ 1.3. ಕ್ಲಿಯರೆನ್ಸ್ 64. ಕ್ರಿಯಾಟಿನಿನ್ ಸೋಸಿ ಬರುವುದಲ್ಲದೆ, ಸ್ವಲ್ಪ ಕಿಡ್ನಿಯ ನಾಳಗಳಿಂದಲೂ ಮೂತ್ರಕ್ಕೆ ಸೇರುತ್ತದೆ, ಹಾಗಾಗಿ ನಿಜವಾದ ಸೋಸುವಿಕೆ ಇದಕ್ಕಿಂತ ತುಸು ಕಡಿಮೆಯೇ ಇದ್ದೀತು. ಆದರೂ 31ಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ, ಅಲ್ವಾ?

ಈಗ ಕ್ಯಾನಿನ ಮೇಲೆ ಮಾರ್ಕರಿನಿಂದ ಶುರು, ಕೊನೆ ಎರಡೂ ಹೊತ್ತು ಬರೆದು ಕೊಡುತ್ತೇನೆ. ಹೊಲಕ್ಕೆ ಹೋಗುವವರಿಗೆ ಜೊತೆಗೊಂದು ಮುಚ್ಚಳದ ಬಾಟಲಿ.