ಗುಂಪಿನಲ್ಲಿ ಬರೆಸುವಾಗ: ಗೂಗಲ್ ಡಾಕ್ಸ್ ಬಳಸಿದ ನನ್ನ ಅನುಭವ

ಇಂಟರ್ನೆಟ್‌ನಲ್ಲಿ ಹಲವರು ಸೇರಿ ಬರೆಯಬಹುದಾದ ಗೂಗಲ್ ಡಾಕ್ಸ್‌ನ ಒಂದೇ ಫೈಲಿನಲ್ಲಿ ಏಕಕಾಲಕ್ಕೆ 100 ಜನ ಕೆಲಸ ಮಾಡಬಹುದು. ಆದರೆ ಬರೆಯುವವರು ಆರೇಳು ಮಂದಿ ದಾಟಿದರೆ ಅದು ಸಂತೆಯೇ. ಮೇಲೆ ಯಾರೋ ಎರಡು ಸಾಲು ಸೇರಿಸುತ್ತಾರೆ, ಕೆಳಗೆ ಬರೆಯುತ್ತಿದ್ದವರ ಪುಟ ಜಾರುತ್ತದೆ. 30 ವಿದ್ಯಾರ್ಥಿಗಳಿದ್ದರೆ ನಾನು ಎಂಟು ಫೈಲು ಮಾಡುತ್ತೇನೆ, ಒಂದಕ್ಕೆ ಮೂವರು ಅಥವಾ ನಾಲ್ವರು. ಒಬ್ಬೊಬ್ಬರ ಭಾಗಕ್ಕೂ ‘ಹೆಡಿಂಗ್ 2’ ಶೈಲಿಯಲ್ಲಿ ತಲೆಬರಹ ಹಾಕಿಟ್ಟರೆ ಎಡಬದಿಯ ಔಟ್‌ಲೈನ್ (ತಲೆಬರಹಗಳ ಪಟ್ಟಿ) ಹಿಡಿದು ಎಲ್ಲರೂ ನೇರ ತಮ್ಮ ಜಾಗಕ್ಕೆ ಹೋಗುತ್ತಾರೆ.

ಹೆಚ್ಚಿನವರು ಎಡವುವುದು ಹಂಚುವಾಗ. ‘ಲಿಂಕ್ ಇರುವ ಯಾರಾದರೂ ತಿದ್ದಬಹುದು’ ಎಂದಿಟ್ಟರೆ ಲಾಗಿನ್ ಆಗದೆ ಬಂದವರು ಯಾವುದೋ ಪ್ರಾಣಿಯ ಹೆಸರಿನಲ್ಲಿ ಕಾಣಿಸುತ್ತಾರೆ. ಆಮೇಲೆ ಯಾವ ಪ್ಯಾರಾ ಯಾರದ್ದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಒಬ್ಬೊಬ್ಬರ ಇಮೇಲ್ ಹಾಕಿಯೇ ಹಂಚಬೇಕು. ವರ್ಶನ್ ಹಿಸ್ಟರಿ, ಅಂದರೆ ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ, ಕಾಣುವುದು ಎಡಿಟರ್ ಹಕ್ಕಿದ್ದವರಿಗೆ ಮಾತ್ರ. ಶಿಕ್ಷಕರಿಗೆ ಬರೀ ಕಾಮೆಂಟ್ ಹಕ್ಕು ಕೊಟ್ಟರೆ ಅದು ಸಿಗದು.

ನನಗೆ ಈ ಸಾಧನದ ತಿರುಳೇ ಆ ಹಿಸ್ಟರಿ. ಕರಡು ಮುಗಿದಾಗ, ಗೆಳೆಯರು ಓದಿದ ಮೇಲೆ, ಸಲ್ಲಿಸುವ ಮುಂಚೆ, ಹೀಗೆ ಮೂರು ಸಲ ಆ ಹಂತಕ್ಕೆ ಹೆಸರು ಕೊಡಿಸುತ್ತೇನೆ. ನಾಲ್ಕು ನೂರು ಪದ ಒಂದೇ ಏಟಿಗೆ ಬಂದು ಕೂತಿದ್ದರೆ ಬೇರೆಡೆಯಿಂದ ಅಂಟಿಸಿದ್ದೆಂದು ತಿಳಿಯುತ್ತದೆ. ಕದ್ದದ್ದೆಂದು ತೀರ್ಮಾನಿಸಬೇಡಿ, ಮೊಬೈಲಿನ ನೋಟ್ಸ್‌ನಲ್ಲಿ ಬರೆದು ತಂದಿರಬಹುದು. ಕೇಳಿದರೆ ಆಯಿತು. ಯಾರಾದರೂ ಒಂದು ಭಾಗ ಅಳಿಸಿಬಿಟ್ಟರೆ ‘ರಿಸ್ಟೋರ್’ ಒತ್ತಲು ಅವಸರ ಬೇಡ. ಅದು ಇಡೀ ಫೈಲನ್ನು ಹಿಂದಕ್ಕೆ ಒಯ್ಯುತ್ತದೆ, ಆ ಬಳಿಕ ಉಳಿದವರು ಬರೆದದ್ದೂ ಮರೆಯಾಗುತ್ತದೆ. ಹಳೆಯ ಆವೃತ್ತಿ ತೆರೆದು, ಬೇಕಾದ ಪ್ಯಾರಾ ಮಾತ್ರ ಕಾಪಿ ಮಾಡಿ ತಂದರೆ ಸಾಕು.

ತಿದ್ದುವಾಗ, ತಿದ್ದಿದ್ದನ್ನು ಒಪ್ಪಬಹುದಾದ ಸಲಹೆಯಾಗಿ ತೋರಿಸುವ ‘ಸಜೆಸ್ಟಿಂಗ್’ ಮೋಡ್ ಒಳ್ಳೆಯದೇ, ಆದರೆ ಅತಿಯಾದರೆ ಕೆಡುಕು. ಪ್ರತಿ ತಪ್ಪನ್ನೂ ನೀವೇ ತಿದ್ದಿ ಕೊಟ್ಟರೆ ವಿದ್ಯಾರ್ಥಿ ಓದದೆಯೇ ಟಿಕ್ ಒತ್ತುತ್ತಾ ಹೋಗುತ್ತಾನೆ. ಒಂದು ಬಗೆಯ ತಪ್ಪನ್ನು ಮೊದಲ ಸಲ ಕಂಡಲ್ಲಿ ಮಾತ್ರ ತಿದ್ದಿ ತೋರಿಸುತ್ತೇನೆ. ಮುಂದಿನದಕ್ಕೆ ಕಂಟ್ರೋಲ್, ಆಲ್ಟ್, ಎಂ ಒತ್ತಿ ‘ಇದೇ ತಪ್ಪು ಈ ಪ್ಯಾರಾದಲ್ಲಿ ಇನ್ನೆರಡು ಕಡೆ ಇದೆ, ಹುಡುಕಿ’ ಎಂದು ಕಾಮೆಂಟ್. ಕಾಮೆಂಟ್ ಹಾಕಿದವರೇ ಅದನ್ನು ‘ರಿಸಾಲ್ವ್’ ಮಾಡಬೇಕೆಂಬ ನಿಯಮವೂ ಇರಲಿ, ಇಲ್ಲದಿದ್ದರೆ ಉತ್ತರ ಕೊಡದೆ ಮುಚ್ಚಿಬಿಡುತ್ತಾರೆ. ಮುಚ್ಚಿದ್ದು ಅಳಿದುಹೋಗುವುದಿಲ್ಲ, ಕಾಮೆಂಟ್‌ಗಳ ಪಟ್ಟಿಯಲ್ಲಿ ಸಿಗುತ್ತದೆ.

ಕನ್ನಡದ್ದೇ ಒಂದು ತೊಡಕಿದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಟ್ಟ) ಫಾಂಟಿನ ಪಠ್ಯ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಮೊದಲು ಎಲ್ಲೆಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿದರೆ ಬೇರೆ ಫಾಂಟು, ಬಣ್ಣ ಜೊತೆಗೆ ಬರುವುದಿಲ್ಲ.

ಒಬ್ಬೊಬ್ಬರೇ ಮಾಡುವ ಮನೆಗೆಲಸಕ್ಕೆ ಮಾದರಿ ಫೈಲಿನ ಲಿಂಕ್‌ನಲ್ಲಿ ‘ಎಡಿಟ್’ ಪದವನ್ನೂ ಅದರಾಚೆಯದೆಲ್ಲವನ್ನೂ ಅಳಿಸಿ, ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಕಾಪಿ’ ಎಂದು ಹಾಕಿ ಕಳಿಸಿ. ತೆರೆದವರಿಗೆ ತಮ್ಮದೇ ಪ್ರತಿ ಸಿಗುತ್ತದೆ. ಆದರೆ ಅದರ ಒಡೆತನ ವಿದ್ಯಾರ್ಥಿಯದ್ದು. ಅವರು ನಿಮಗೆ ಹಂಚದಿದ್ದರೆ ನಿಮಗೆ ಕಾಣದು. ಬರೆದದ್ದನ್ನು ಮತ್ತೆ ಪ್ರತಿ ಮಾಡಿ ಸಲ್ಲಿಸಲು ಮಾತ್ರ ಬಿಡಬೇಡಿ. ಪ್ರತಿಯ ಜೊತೆ ವರ್ಶನ್ ಹಿಸ್ಟರಿ ಬರುವುದಿಲ್ಲ.