ಊರಿನಲ್ಲಿ ಹಿರಿಯರ ಆಸರೆ ತಂಡ ಕಟ್ಟುವ ಬಗೆ

ಮನೆಯಲ್ಲಿ ಹಿರಿಯರಿಗೆ ಹೊಡೆತ ಬಡಿತವಾದರೆ ಅಕ್ಕಪಕ್ಕದವರ ಕಿವಿಗಾದರೂ ಬೀಳುತ್ತದೆ. ಆದರೆ ಮಾಸಾಶನದ ಪಾಸ್‌ಬುಕ್ ಮಗನ ಜೇಬಿನಲ್ಲೇ ಉಳಿಯುವುದು, ಬಿ.ಪಿ. ಮಾತ್ರೆ ಮುಗಿದು ವಾರವಾದರೂ ಯಾರೂ ತಂದುಕೊಡದಿರುವುದು, ತಟ್ಟೆ ಲೋಟ ಬೇರೆ ಮಾಡಿ ಹಾಸಿಗೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಸರಿಸುವುದು, ಪಹಣಿ ಕೆಲಸವೆಂದು ಹೇಳಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ಇವೆಲ್ಲ ಸದ್ದಿಲ್ಲದೆ ನಡೆದುಹೋಗುತ್ತವೆ. 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನೆ ಮರ್ಯಾದೆಯ ಭಯದಿಂದ ಹೆಚ್ಚಿನವರು ಬಾಯಿ ಬಿಡುವುದಿಲ್ಲವಾದ್ದರಿಂದ, ದೂರು ಬಂದ ಮೇಲೆ ಓಡುವ ತಂಡಕ್ಕಿಂತ ದೂರಿಲ್ಲದಾಗಲೂ ಹೋಗಿಬರುವ ತಂಡವೇ ಮಂಡ್ಯ ಸೀಮೆಯ ಹಳ್ಳಿಗಳಿಗೆ ಬೇಕಾದದ್ದು.

ಐದಾರು ಜನರಿದ್ದರೆ ಸಾಕು. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆ, ನಿವೃತ್ತ ಮೇಷ್ಟ್ರು, ಹಾಲಿನ ಡೈರಿಯ ಕಾರ್ಯದರ್ಶಿ, ಹೀಗೆ ಈಗಾಗಲೇ ಮನೆಮನೆಯ ಪರಿಚಯವಿರುವವರನ್ನು ಸೇರಿಸಿಕೊಳ್ಳಿ. ಡೈರಿಯವರನ್ನು ಬಿಡಬೇಡಿ, ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುತ್ತಿದ್ದ ಅಜ್ಜಿ ನಾಲ್ಕು ದಿನ ಕಾಣದಿದ್ದರೆ ಅದು ಮೊದಲು ತಿಳಿಯುವುದು ಅವರಿಗೇ. ಊರ ಯಜಮಾನರನ್ನು ತಂಡದ ಮುಂದೆ ನಿಲ್ಲಿಸುವ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಅವರ ಮಾತಿಗೆ ತೂಕವಿರುವುದು ನಿಜವಾದರೂ, ಅರಳಿಕಟ್ಟೆಯ ನ್ಯಾಯ ಸಾಮಾನ್ಯವಾಗಿ "ಅನುಸರಿಸಿಕೊಂಡು ಹೋಗಿ" ಎಂಬಲ್ಲಿಗೆ ಮುಗಿಯುತ್ತದೆ, ಮತ್ತು ಅನುಸರಿಸಿಕೊಳ್ಳಬೇಕಾದವರು ಪ್ರತಿಸಲವೂ ಮುದುಕರೇ ಆಗಿರುತ್ತಾರೆ.

ಬಳಿಕ ಒಂದು ಪಟ್ಟಿ ಮಾಡಿ. ಒಂಟಿಯಾಗಿರುವವರು, ಹಾಸಿಗೆ ಹಿಡಿದವರು, ಮಕ್ಕಳೆಲ್ಲ ಬೆಂಗಳೂರಿನಲ್ಲಿರುವವರು, ಇತ್ತೀಚೆಗೆ ಆಸ್ತಿ ಪಾಲು ಮಾಡಿಕೊಟ್ಟವರು, ಕುಡಿತಕ್ಕೆ ಬಿದ್ದ ಮಗನೊಂದಿಗೆ ಇರುವವರು ಅದರಲ್ಲಿ ಮೊದಲಿಗಿರಲಿ. ಒಂಟಿ ಹಿರಿಯರ ಹೆಸರುಗಳನ್ನು, ಅವರ ಒಪ್ಪಿಗೆ ಪಡೆದು, ಠಾಣೆಯ ಬೀಟ್ ಪೊಲೀಸರಿಗೂ ಕೊಡಿ.

ಇಡೀ ಕೆಲಸದ ಜೀವಾಳವೆಂದರೆ ಭೇಟಿ. ಹದಿನೈದು ದಿನಕ್ಕೊಮ್ಮೆ, ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಹೋಗಬೇಕು. ಕೈಯಲ್ಲಿ ಫಾರಂ ಹಿಡಿದು ಹೋಗಬಾರದು. ಜಗಲಿಯಲ್ಲಿ ಕುಳಿತು ಮಳೆ, ಕಬ್ಬು, ಮೊಮ್ಮಕ್ಕಳ ಸ್ಕೂಲು ಎಲ್ಲ ಮಾತಾಡಿ ಮುಗಿಸುವಷ್ಟರಲ್ಲಿ ಕಣ್ಣು ತನ್ನ ಕೆಲಸ ಮಾಡಿರಬೇಕು. ಒಮ್ಮೆ ನಾವು ಹೋದಾಗ ಒಬ್ಬ ಅಜ್ಜಿ ಎಡಗೈ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದರು. ನೋಡಿದರೆ ಬೆರಳಿಗೆ ಹತ್ತಿದ ನೀಲಿ ಮಸಿ. ಬ್ಯಾಂಕಿಗೂ ಹೋಗಿರಲಿಲ್ಲ, ಸೊಸೈಟಿಗೂ ಹೋಗಿರಲಿಲ್ಲ. "ಏನಕ್ಕೆ ಒತ್ತಿಸ್ಕೊಂಡ್ರೋ ಕಾಣೆ ಕನವ್ವ, ನಮ್ಮುಡುಗನೇ ಅಲ್ವಾ, ಬುಡು" ಎಂದರು. ಸೊಸೆ ಒಳಗಿನಿಂದ ಕಾಫಿ ತಂದ ಕೂಡಲೇ ಮಾತು ಸೊಪ್ಪು ಬಿಡಿಸುವುದರ ಕಡೆಗೆ ತಿರುಗಿತು. ಆದ್ದರಿಂದಲೇ ಹಿರಿಯರೊಂದಿಗೆ ಹತ್ತು ನಿಮಿಷವಾದರೂ ಒಂಟಿಯಾಗಿ ಮಾತನಾಡುವ ದಾರಿ ಹುಡುಕಬೇಕು: ದೇವಸ್ಥಾನದವರೆಗೆ ಜೊತೆಯಲ್ಲಿ ನಡೆಯುವುದು, ಬಿ.ಪಿ. ನೋಡುವ ನೆಪದಲ್ಲಿ ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಕೂರುವುದು. "ಹೊಡೆಯುತ್ತಾರಾ?" ಎಂದು ನೇರವಾಗಿ ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ, "ರಾತ್ರಿ ಊಟಕ್ಕೆ ಏನಿತ್ತವ್ವ, ಮಾತ್ರೆ ಯಾರು ತಂದುಕೊಡ್ತಾರೆ, ಈ ತಿಂಗಳ ದುಡ್ಡು ನಿಮ್ಮ ಕೈಗೆ ಬಂತಾ" ಎಂದು ಕೇಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ, ಆ ಪುಸ್ತಕ ತಂಡದ ಹೊರಗೆ ಹೋಗದಿರಲಿ. ಮುಂದಿನ ಹೆಜ್ಜೆ ಇಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಆ ಹಿರಿಯರೇ, ಜೀವಕ್ಕೆ ಅಪಾಯವಿದ್ದ ಸಂದರ್ಭವೊಂದನ್ನು ಬಿಟ್ಟು.

ಅಂಥ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಗಾಯವಾಗಿದ್ದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ದು, ಗಾಯ ಹೇಗಾಯಿತೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿಸಿ. "ಬಚ್ಚಲಲ್ಲಿ ಜಾರಿಬಿದ್ದೆ" ಎಂದು ದಾಖಲಾದರೆ ಮುಂದೆ ಯಾವ ಅಧಿಕಾರಿಯ ಎದುರಿಗೂ ಅದೇ ಮಾತು ಅಡ್ಡ ಬರುತ್ತದೆ. ತುರ್ತಲ್ಲದ ಸಲಹೆಗೆ ಹಿರಿಯರ ಉಚಿತ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ತಾಯಿಯಾದವರು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯೂ ರಕ್ಷಣೆ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಇದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ.

ಪೋಷಣೆಯ ಪ್ರಶ್ನೆಗೆ 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಇದೆ. ಇದರಡಿ ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ, ಅಂದರೆ ಜನ ಎ.ಸಿ. ಆಫೀಸು ಎನ್ನುವ ಕಚೇರಿಯ ನ್ಯಾಯಮಂಡಳಿಗೆ. ಮಂಡ್ಯ, ಮದ್ದೂರು, ಮಳವಳ್ಳಿಯವರು ಮಂಡ್ಯಕ್ಕೂ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯವರು ಪಾಂಡವಪುರಕ್ಕೂ ಹೋಗಬೇಕು. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿಯೋ ಸಂಸ್ಥೆಯೋ ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ನಿಮ್ಮ ತಂಡದ ನೆರವಿಗೆ ಕಾನೂನು ಜಾಗ ಕೊಡುವುದು ಇಲ್ಲಿಯೇ. ಮಕ್ಕಳಿಲ್ಲದವರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ನೆಂಟರಿಂದ ಪೋಷಣೆ ಕೇಳಬಹುದು. ನೋಟಿಸು ತಲುಪಿದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಅಲ್ಲಿಯವರೆಗೆ ಮಧ್ಯಂತರ ಜೀವನಾಂಶ ಬೇಕೆಂದು ಅರ್ಜಿಯಲ್ಲಿಯೇ ಬರೆಯಿರಿ. ಕಾಯ್ದೆಯಲ್ಲಿರುವ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಆದೇಶ ಸಮಾಧಾನ ತರದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಆಸ್ತಿಯ ವಿಷಯದಲ್ಲಿ ತಂಡ ಮೊದಲೇ ಮಾತನಾಡಿಬಿಡುವುದು ಮೇಲು. ಇದೇ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ ಆ ದಾನಪತ್ರ ರದ್ದಾಗಬಹುದು. ಆದರೆ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಕೋರ್ಟಿನ ಔದಾರ್ಯವನ್ನು ನಂಬಿ ಕೂರುವ ಬದಲು, ಊಟ, ವಸತಿ, ಔಷಧಿಯ ಹೊಣೆಯನ್ನು ದಾನಪತ್ರದಲ್ಲಿಯೇ ಬರೆಸುವುದು ಜಾಣತನ. ಅದಕ್ಕಿಂತಲೂ ಒಳ್ಳೆಯದು ವಿಲ್ ಮಾಡುವುದು: ಬದುಕಿರುವವರೆಗೆ ಆಸ್ತಿ ತಮ್ಮದೇ, ಬರೆದದ್ದನ್ನು ಬದಲಿಸುವ ಹಕ್ಕೂ ತಮ್ಮದೇ. ಓದಿಸಿ ಕೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂಬ ಮಾತನ್ನು ಪ್ರತಿ ಭೇಟಿಯಲ್ಲೂ ಹೇಳಿ, ಬೇಸರವಾದರೂ ಸರಿ.

ಜೀವನಾಂಶದ ಆದೇಶ ಕೈಗೆ ಬಂದ ದಿನವೇ ಭೇಟಿ ನಿಲ್ಲಿಸುವ ತಂಡಗಳು ಎಡವುತ್ತವೆ. ಎರಡು ತಿಂಗಳು ದುಡ್ಡು ಕೊಟ್ಟು ಮೂರನೆಯ ತಿಂಗಳು ಮಗ ಕೈಚೆಲ್ಲಬಹುದು. ಆಗ ನ್ಯಾಯಮಂಡಳಿ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು, ವಸೂಲಿಯಾಗದಿದ್ದರೆ ಒಂದು ತಿಂಗಳವರೆಗೆ ಜೈಲಿಗೂ ಕಳುಹಿಸಬಹುದು. ಆದರೆ ಹಣ ಸಲ್ಲಬೇಕಾಗಿದ್ದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟಿರಬೇಕು. ಆ ಅವಧಿ ಮೀರದಿರಲು, ಪ್ರತಿ ತಿಂಗಳೂ ಹಿರಿಯರ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ, ಹಣ ಬಂದ ದಿನಾಂಕವನ್ನು ಅಥವಾ ಬಾರದಿದ್ದದ್ದನ್ನು ಅದೇ ಭೇಟಿ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ.